ಹಾರ ಹಾಕೋಕೆ ಒಂದು ಫೋಟೊ ಸಿಗ್ತಿಲ್ಲ: ಮುಖದ ಫೋಟೊ ತೆಗೆಯುವಾಗ ಎಲ್ಲರೂ ಮೊದಲು ಮಾಡುವ ತಪ್ಪುಗಳು

ಸಾಗರ: ಮನೆಯಲ್ಲಿ ಹಿರಿಯರೊಬ್ಬರು ತೀರಿಕೊಂಡ ಮೂರನೇ ದಿನವೋ ನಾಲ್ಕನೇ ದಿನವೋ ಒಂದು ಹುಡುಕಾಟ ಶುರುವಾಗುತ್ತದೆ. ಫೋಟೊ ಹುಡುಕಾಟ. ಹದಿಮೂರನೇ ದಿನದ ಊಟದ ಹೊತ್ತಿಗೆ ಗೋಡೆಗೆ ಹಾಕಿ ಹಾರ ಹಾಕಲು ಒಂದು ದೊಡ್ಡ ಫೋಟೊ ಬೇಕು. ಮಗನ ಮೊಬೈಲಿನಲ್ಲಿ ಸಾವಿರಗಟ್ಟಲೆ ಫೋಟೊ ಇರುತ್ತವೆ. ಜೋಗದ್ದು, ಸಿಗಂದೂರು ಸೇತುವೆಯದ್ದು, ಹೊಸ ಬೈಕಿನದ್ದು, ಮಗುವಿನ ಹುಟ್ಟುಹಬ್ಬದ್ದು. ಅಪ್ಪನದ್ದು ಮಾತ್ರ ಸಿಗುವುದಿಲ್ಲ. ಸಿಕ್ಕರೂ ಪಂಕ್ತಿಯಲ್ಲಿ ಬಗ್ಗಿ ಅನ್ನ ಕಲಸುತ್ತಿರುವುದು, ಇಲ್ಲವೇ ಮದುವೆ ಗ್ರೂಪ್ ಫೋಟೊದ ಹಿಂದಿನ ಸಾಲಿನಲ್ಲಿ ಯಾರದೋ ಭುಜದ ಮೇಲಿಂದ ಇಣುಕಿದ್ದು. ಕೊನೆಗೆ ಆಧಾರ್ ಕಾರ್ಡ್ ಹಿಡಿದುಕೊಂಡು ಸ್ಟುಡಿಯೊ ಬಾಗಿಲಿಗೆ ಬರುತ್ತಾರೆ. "ಇದ್ರಲ್ಲೇ ಏನಾರು ಮಾಡಿ ಕೊಡಿ ಮಾರಾಯ್ರೆ" ಅನ್ನುತ್ತಾರೆ.

ಅದರಲ್ಲಿ ಏನೂ ಮಾಡಲು ಬರುವುದಿಲ್ಲ ಅನ್ನುವುದು ಲೆಕ್ಕ ಹಾಕಿದರೆ ಗೊತ್ತಾಗುತ್ತದೆ. ಒಳ್ಳೆಯ ಕ್ಯಾಮೆರಾದ 24 ಮೆಗಾಪಿಕ್ಸೆಲ್ ಫೋಟೊ ಅಂದರೆ ಅಡ್ಡಕ್ಕೆ 6000, ಉದ್ದಕ್ಕೆ 4000 ಚುಕ್ಕೆ. ಅದರಲ್ಲಿ ಒಂದು ಸಾಲಿಗೆ ಹದಿನೈದು ಜನ ನಿಂತರೆ ಒಬ್ಬೊಬ್ಬರಿಗೆ ಸಿಗುವ ಅಗಲ 400 ಚುಕ್ಕೆ. ಮುಖಕ್ಕೆ ಅದರ ಅರ್ಧ, ಅಂದರೆ 200. ಗೋಡೆಗೆ ಹಾಕುವ 12x18 ಇಂಚಿನ ಪ್ರಿಂಟಿನಲ್ಲಿ ಮುಖ ಆರು ಇಂಚು ಅಗಲ ಬರಬೇಕು ಅಂದುಕೊಳ್ಳಿ. ಇಂಚಿಗೆ 33 ಚುಕ್ಕೆ ಆಯಿತು. ಪ್ರಿಂಟ್ ಚೆನ್ನಾಗಿ ಬರಬೇಕಾದರೆ ಇಂಚಿಗೆ 200ರಿಂದ 300 ಬೇಕು. ಹಾಗಾಗಿ ಗೋಡೆ ಮೇಲೆ ಬರುವುದು ಮಂಜಿನಲ್ಲಿ ನಿಂತ ಅಪ್ಪ. ಈಗ ಎಐ ಆ್ಯಪ್‌ನಲ್ಲಿ ಹಾಕಿ ಸ್ಪಷ್ಟ ಮಾಡಿಸುವುದು ಬಂದಿದೆ. ಆದರೆ ಆ ಆ್ಯಪ್‌ಗೆ ನಿಮ್ಮ ಅಪ್ಪನ ಮುಖ ಗೊತ್ತಿಲ್ಲ. ಇಲ್ಲದ ಚುಕ್ಕೆಗಳನ್ನು ಅದು ಬೇರೆ ಸಾವಿರಾರು ಮುಖಗಳ ಅಂದಾಜಿನಲ್ಲಿ ತುಂಬುತ್ತದೆ. ಫ್ರೇಮ್ ಮನೆಗೆ ಬಂದ ಮೇಲೆ ಅಮ್ಮ ನೋಡಿ "ಇವ್ರು ಹಿಂಗಿರ್ಲಿಲ್ಲ" ಅಂದುಬಿಟ್ಟರೆ ಯಾರ ಹತ್ತಿರವೂ ಉತ್ತರ ಇರುವುದಿಲ್ಲ.

ಮೊಬೈಲ್ ಎಲ್ಲರ ಕೈಯಲ್ಲಿದೆ. ಆದರೂ ಒಂದು ನೆಟ್ಟಗಿನ ಮುಖದ ಫೋಟೊ ಮನೆಯಲ್ಲಿ ಇಲ್ಲ. ತೆಗೆಯಲು ಹೋದವರಿಗೂ ಸರಿಯಾಗಿ ಬಂದಿಲ್ಲ, "ನಂಗೆ ಫೋಟೊ ಬರಲ್ಲ" ಅಂತ ಬಿಟ್ಟಿದ್ದಾರೆ. ಹೊಸದಾಗಿ ಕ್ಯಾಮೆರಾ ಹಿಡಿದವರು ಮಾಡುವ ತಪ್ಪುಗಳು ಎಲ್ಲಾ ಕಡೆ ಹೆಚ್ಚುಕಡಿಮೆ ಅವೇ. ಮಲೆನಾಡಿನಲ್ಲಿ ಮಾತ್ರ ಆಗುವ ಕೆಲವು ಇವೆ, ಅವನ್ನು ಯೂಟ್ಯೂಬಿನಲ್ಲಿ ಯಾರೂ ಹೇಳಿಕೊಡುವುದಿಲ್ಲ.

ವರದಮೂಲದ ಭಾನುವಾರ

ಸಾಗರದಿಂದ ಆರು ಕಿಲೋಮೀಟರ್ ದೂರದ ವರದಮೂಲಕ್ಕೆ ರಜೆಯ ದಿನ ಹೋದರೆ ಇದೆಲ್ಲ ಕಣ್ಣಿಗೇ ಕಾಣುತ್ತದೆ. ಇಲ್ಲಿ ಹುಟ್ಟುವ ವರದೆ ಬನವಾಸಿ ಬಳಸಿಕೊಂಡು ಹೋಗಿ ಹಾವೇರಿ ಜಿಲ್ಲೆಯ ಗಳಗನಾಥದ ಹತ್ತಿರ ತುಂಗಭದ್ರೆ ಸೇರುತ್ತಾಳೆ. ತೀರ್ಥದ ಕೊಳ, ದೇವಸ್ಥಾನ, ಸುತ್ತ ಮರ, ತೋಟ. ಮನೆಮಂದಿಯೆಲ್ಲ ಬರುತ್ತಾರೆ, ಪೂಜೆ ಮುಗಿಸಿ ಹೊರಗೆ ಬರುವಾಗ ಹನ್ನೆರಡು ಗಂಟೆ. ಆಗ ಯಾರಾದರೂ ಅನ್ನುತ್ತಾರೆ, "ಬನ್ನಿ ಬನ್ನಿ, ಇಲ್ಲೊಂದು ಫೋಟೊ."

ಫೋಟೊ ತೆಗೆಯಲು ದಿನದ ಅತ್ಯಂತ ಕೆಟ್ಟ ಹೊತ್ತು ಅದು. ಸಾಗರ ಇರುವುದು ಉತ್ತರ ಅಕ್ಷಾಂಶ 14 ಡಿಗ್ರಿ ಚಿಲ್ಲರೆಯಲ್ಲಿ. ಏಪ್ರಿಲ್ ಕೊನೆಯ ವಾರ ಮತ್ತು ಆಗಸ್ಟ್ ನಡುಭಾಗದಲ್ಲಿ ಮಧ್ಯಾಹ್ನದ ಸೂರ್ಯ ಇಲ್ಲಿ ನೇರ ನೆತ್ತಿಯ ಮೇಲಿರುತ್ತಾನೆ. ಆಗಸ್ಟಿನಲ್ಲಿ ಮಳೆ ಮೋಡ ಕಾಯುತ್ತದೆ, ಏಪ್ರಿಲ್ ಅಂದರೆ ಮದುವೆ ಸೀಸನ್. ಮೇಲಿನಿಂದ ಬಿದ್ದ ಬೆಳಕು ಹಣೆ, ಮೂಗಿನ ತುದಿ, ಕೆನ್ನೆಯ ಉಬ್ಬಿಗೆ ಬಡಿದು ಹೊಳೆಯುತ್ತದೆ. ಹುಬ್ಬಿನ ಕೆಳಗೆ ಎರಡು ಕಪ್ಪು ಗುಳಿ. ಕಣ್ಣೇ ಕಾಣುವುದಿಲ್ಲ. ಮದುಮಗಳಿಗೆ ಸಾವಿರಾರು ರೂಪಾಯಿ ಕೊಟ್ಟು ಮೇಕಪ್ ಮಾಡಿಸಿ ಆ ಬಿಸಿಲಲ್ಲಿ ನಿಲ್ಲಿಸಿದರೆ ಕಾಡಿಗೆ ಹಾಕಿದ್ದೂ ಒಂದೇ, ಹಾಕದಿದ್ದರೂ ಒಂದೇ.

ಬಿಸಿಲು ಜಾಸ್ತಿ ಆಯ್ತು ಅಂತ ಮರದಡಿಗೆ ಕರೆದುಕೊಂಡು ಹೋಗುತ್ತಾರೆ. ಅಲ್ಲಿ ಎರಡನೇ ತಪ್ಪು. ಎಲೆಗಳ ಸಂದಿಯಿಂದ ಬಿದ್ದ ಬಿಸಿಲು ಮುಖದ ಮೇಲೆ ಚುಕ್ಕಿಚುಕ್ಕಿ ಬೀಳುತ್ತದೆ. ನಮ್ಮ ಕಣ್ಣು ಅದನ್ನು ಸರಿಮಾಡಿಕೊಂಡು ನೋಡುತ್ತದೆ, ಕ್ಯಾಮೆರಾ ಮಾಡುವುದಿಲ್ಲ. ಒಂದು ಕೆನ್ನೆ ಸುಟ್ಟ ಹಾಗೆ ಬಿಳಿ, ಇನ್ನೊಂದು ಕಪ್ಪು. ಅಡಿಕೆ ತೋಟದ ನೆರಳು ಇನ್ನೂ ಮೋಸ. ಅಲ್ಲಿಗೆ ಇಳಿಯುವ ಬೆಳಕು ಹಸಿರು ಸೋಗೆಯನ್ನು ದಾಟಿ, ಹಸಿರು ಬಾಳೆ ಎಲೆಗೆ ಬಡಿದು ಬಂದದ್ದು. ತೋಟದಲ್ಲಿ ನಿಂತಾಗ ಚೆಂದ ಅನಿಸುತ್ತದೆ. ಮನೆಗೆ ಬಂದು ನೋಡಿದರೆ ಕುತ್ತಿಗೆ, ಗಲ್ಲದ ಕೆಳಗೆ ಹಸಿರು ಛಾಯೆ, ಕಾಮಾಲೆ ಬಂದವರ ಹಾಗೆ. ಕ್ಯಾಮೆರಾದ ವೈಟ್ ಬ್ಯಾಲೆನ್ಸ್ ಬದಲಿಸಿದರೆ ಸ್ವಲ್ಪ ಸರಿಹೋಗುತ್ತದೆ, ಪೂರ್ತಿ ಹೋಗುವುದಿಲ್ಲ. ಯಾಕೆಂದರೆ ಮುಖದ ಒಂದು ಬದಿಗೆ ಆಕಾಶದ ಬೆಳಕು, ಇನ್ನೊಂದು ಬದಿಗೆ ಎಲೆಯ ಬೆಳಕು. ಒಂದನ್ನು ಸರಿಮಾಡಿದರೆ ಇನ್ನೊಂದು ಕೆಡುತ್ತದೆ.

ಮಳೆಗಾಲದ ಕಾರ್ಯಕ್ರಮದಲ್ಲಿ ಹಸಿರಿನ ಬದಲು ನೀಲಿ. ಅಂಗಳಕ್ಕೆ ಕಟ್ಟಿದ ನೀಲಿ ತಾಡಪಾಲಿನ ಕೆಳಗೆ ಎಲ್ಲರೂ ಚಳಿಗೆ ಮರಗಟ್ಟಿದವರ ಹಾಗೆ ಕಾಣುತ್ತಾರೆ. ಶಾಮಿಯಾನದ ಬಟ್ಟೆ ಕೆಂಪಿದ್ದರೆ ಕೆಂಪು, ಹಳದಿ ಇದ್ದರೆ ಹಳದಿ. ಹೊಸ ಫೋಟೊಗ್ರಾಫರುಗಳು ಕ್ಯಾಮೆರಾವನ್ನು ಬೈಯುತ್ತಾರೆ. ತಲೆ ಎತ್ತಿ ಮೇಲೆ ಏನು ಕಟ್ಟಿದೆ ಅಂತ ನೋಡಿದ ದಿನ ಅರ್ಧ ಕೆಲಸ ಕಲಿತ ಹಾಗೆ. ಚಪ್ಪರದ ಅಂಚಿಗೆ, ತಾಡಪಾಲು ಮುಗಿದು ತೆರೆದ ಆಕಾಶ ಕಾಣುವ ಕಡೆಗೆ ಮುಖ ಮಾಡಿ ನಿಲ್ಲಿಸಿದರೆ ಬಣ್ಣ ಬಹಳ ಮಟ್ಟಿಗೆ ಸರಿಹೋಗುತ್ತದೆ.

ಜಗಲಿಗಿಂತ ಒಳ್ಳೆ ಸ್ಟುಡಿಯೊ ಇಲ್ಲ

ಹಾಗಾದರೆ ಎಲ್ಲಿ ತೆಗೆಯಬೇಕು? ಹಳೆಯ ಮಲೆನಾಡು ಮನೆಯ ಜಗಲಿಯಲ್ಲಿ. ಸ್ಟುಡಿಯೊದವರು ದುಡ್ಡು ಹಾಕಿ ಸಾಫ್ಟ್‌ಬಾಕ್ಸ್, ರಿಫ್ಲೆಕ್ಟರ್ ಅಂತ ತಂದು ಮಾಡುವ ಬೆಳಕು ಅಲ್ಲಿ ಬಿಟ್ಟಿ ಸಿಗುತ್ತದೆ. ಇಳಿಜಾರು ಸೂರು ತಲೆ ಮೇಲಿನ ಬಿಸಿಲನ್ನು ತಡೆಯುತ್ತದೆ, ಬೆಳಕು ಬರುವುದು ಅಂಗಳದ ಕಡೆಯಿಂದ ಮಾತ್ರ. ಒಂದೇ ದಿಕ್ಕಿನಿಂದ ಬರುವ ಅಗಲವಾದ ಮೆತ್ತನೆ ಬೆಳಕು ಮುಖದ ಉಬ್ಬುತಗ್ಗುಗಳನ್ನು ಹದವಾಗಿ ತೋರಿಸುತ್ತದೆ. ಅಂಗಳ ಖಾಲಿ ಇದ್ದು ಬಿಸಿಲು ಬಿದ್ದಿದ್ದರೆ ಇನ್ನೂ ಒಳ್ಳೆಯದು. ನೆಲಕ್ಕೆ ಬಡಿದ ಬೆಳಕು ಕೆಳಗಿನಿಂದ ಮೇಲಕ್ಕೆ ಬಂದು ಗಲ್ಲದಡಿಯ ನೆರಳನ್ನು ತುಂಬುತ್ತದೆ. ಕೆಮ್ಮಣ್ಣಿನ ಅಂಗಳವಾದರೆ ಮುಖಕ್ಕೆ ಸ್ವಲ್ಪ ಬೆಚ್ಚನೆ ಬಣ್ಣವೂ ಬರುತ್ತದೆ.

ಅಜ್ಜಿಯನ್ನು ಜಗಲಿಯ ಅಂಚಿನಿಂದ ಮೂರ್ನಾಲ್ಕು ಅಡಿ ಒಳಗೆ ಕೂರಿಸಿ. ಮುಖ ಪೂರ್ತಿ ಅಂಗಳಕ್ಕೆ ಬೇಡ, ಸ್ವಲ್ಪ ಓರೆ ಇರಲಿ. ಹಿಂದೆ ಕ್ಯಾಲೆಂಡರ್, ಸ್ವಿಚ್ ಬೋರ್ಡ್, ಒಗೆದ ಬಟ್ಟೆಯ ಹಗ್ಗ ಇದೆಯೇ ನೋಡಿ. ತಲೆಯ ನೇರ ಹಿಂದೆ ಕಂಬ ಬಂದರೆ ಫೋಟೊದಲ್ಲಿ ತಲೆಯಿಂದಲೇ ಕಂಬ ಹುಟ್ಟಿದ ಹಾಗಿರುತ್ತದೆ. ಈ ತಪ್ಪನ್ನು ಹತ್ತು ವರ್ಷ ಅನುಭವ ಇದ್ದವರೂ ಮಾಡುತ್ತಾರೆ. ಮುಖ ನೋಡುತ್ತಾ ಹಿಂದಿನದ್ದು ಕಣ್ಣಿಗೆ ಬೀಳುವುದಿಲ್ಲ. ಒಂದು ಹೆಜ್ಜೆ ಪಕ್ಕಕ್ಕೆ ಸರಿದರೆ ಮುಗಿಯಿತು.

ತಾರಸಿ ಮನೆಯವರಿಗೆ ಕಿಟಕಿ ಇದೆ, ಅಂಗಡಿಯವರಿಗೆ ಶಟರ್ ಇದೆ. ಅರ್ಧ ಎತ್ತಿದ ಶಟರಿನಿಂದ ನಾಲ್ಕು ಅಡಿ ಒಳಗೆ ರಸ್ತೆ ಕಡೆ ಮುಖ ಮಾಡಿ ಕೂತರೆ ಜಗಲಿಯದ್ದೇ ಬೆಳಕು. ಆದರೆ ಒಳಗಿನ ಟ್ಯೂಬ್‌ಲೈಟ್ ಆಫ್ ಮಾಡಿ. ಹಗಲಿನ ಬೆಳಕು, ಟ್ಯೂಬಿನ ಬೆಳಕು ಎರಡೂ ಸೇರಿದರೆ ತೋಟದ ಕಥೆಯೇ ಆಗುತ್ತದೆ. ಎಲ್‌ಇಡಿ ದೀಪದಲ್ಲೇ ತೆಗೆಯಬೇಕಾಗಿ ಬಂದಾಗ ಕೆಲವೊಮ್ಮೆ ಫೋಟೊದ ಮೇಲೆ ಅಡ್ಡಡ್ಡ ಕಪ್ಪು ಪಟ್ಟಿ ಬರುವುದುಂಟು. ನಮ್ಮ ಕರೆಂಟು 50 ಹರ್ಟ್ಸ್, ದೀಪ ಸೆಕೆಂಡಿಗೆ ನೂರು ಸಲ ಮಿಣುಕುತ್ತದೆ, ಕ್ಯಾಮೆರಾ ಅದಕ್ಕಿಂತ ಬೇಗ ಬಾಗಿಲು ಹಾಕಿಕೊಂಡರೆ ಪಟ್ಟಿ. ಶಟರ್ ವೇಗ 1/50 ಅಥವಾ 1/100ಕ್ಕೆ ಇಟ್ಟರೆ ಬಹುತೇಕ ಹೋಗುತ್ತದೆ.

ಫ್ಲ್ಯಾಷ್ ವಿಷಯದಲ್ಲೂ ಊರಿಗೆ ತಕ್ಕ ಬುದ್ಧಿ ಬೇಕು. ಫ್ಲ್ಯಾಷನ್ನು ನೇರ ಮುಖಕ್ಕೆ ಹೊಡೆಯಬೇಡಿ, ಮಾಡಿಗೆ ತಿರುಗಿಸಿ ಹೊಡೆಯಿರಿ ಅಂತ ಎಲ್ಲಾ ಪಾಠದಲ್ಲೂ ಇರುತ್ತದೆ. ಅದು ಬಿಳಿ ಸೀಲಿಂಗ್ ಇರುವ ಪಟ್ಟಣದ ಮನೆಗೆ ಸರಿ. ಹೊಗೆ ಹಿಡಿದ ಮರದ ಮುಚ್ಚಿಗೆಗೆ ಹೊಡೆದರೆ ಹೋದ ಬೆಳಕು ವಾಪಸ್ ಬರುವುದೇ ಇಲ್ಲ, ಬಂದರೂ ಕಂದು ಬಣ್ಣ ಹೊತ್ತು ಬರುತ್ತದೆ. ಅಂಥ ಮನೆಯಲ್ಲಿ ಸುಣ್ಣ ಹೊಡೆದ ಪಕ್ಕದ ಗೋಡೆಗೆ ತಿರುಗಿಸಬೇಕು. ಅದೂ ಇಲ್ಲದಿದ್ದರೆ ಇಬ್ಬರು ಹಿಡಿದ ಒಂದು ಬಿಳಿ ಪಂಚೆ ಸಾಕು.

ಬಿಳಿ ಪಂಚೆ, ಕಪ್ಪು ಮುಖ

ಪಂಚೆ ಅಂದಾಗ ನೆನಪಾಗುವುದು ಇನ್ನೊಂದು ತೊಂದರೆ. ಬಿಳಿ ಅಂಗಿ, ಬಿಳಿ ಪಂಚೆ ಉಟ್ಟ ಹಿರಿಯರನ್ನು ಬಿಳಿ ಗೋಡೆ ಮುಂದೆ ನಿಲ್ಲಿಸಿ ತೆಗೆದರೆ ಮುಖ ಕಪ್ಪಾಗಿ ಬರುತ್ತದೆ. ಅದೇ ಕಪ್ಪು ಕೋಟು ಹಾಕಿದ ಮದುಮಗ ಸುಣ್ಣ ಬಳಿದ ಹಾಗೆ ಬರುತ್ತಾನೆ. ಕ್ಯಾಮೆರಾಕ್ಕೆ ಎದುರಿಗೆ ಇರುವುದು ಪಂಚೆಯೋ ಕೋಟೋ ಗೊತ್ತಿಲ್ಲ. ಜಗತ್ತಿನಲ್ಲಿ ಎಲ್ಲವನ್ನೂ ಸರಾಸರಿ ಮಾಡಿದರೆ ನಡುಮಧ್ಯದ ಒಂದು ಬೂದು ಬಣ್ಣ, ಅಂದರೆ ಬಿದ್ದ ಬೆಳಕಿನಲ್ಲಿ ಶೇ 18ರಷ್ಟನ್ನು ವಾಪಸ್ ಕಳಿಸುವ ಬಣ್ಣ ಬರುತ್ತದೆ ಅನ್ನುವ ಲೆಕ್ಕದಲ್ಲಿ ಅದು ಬೆಳಕು ಅಳೆಯುತ್ತದೆ. ಚಿತ್ರದ ತುಂಬ ಬಿಳಿ ಇದ್ದರೆ "ಬೆಳಕು ಜಾಸ್ತಿಯಾಯಿತು" ಅಂದುಕೊಂಡು ಎಲ್ಲವನ್ನೂ ಕಪ್ಪು ಮಾಡುತ್ತದೆ, ಕಪ್ಪು ತುಂಬಿದ್ದರೆ ಉಲ್ಟಾ. ಹಾಗಾಗಿ ಬಿಳಿ ಬಟ್ಟೆಗೆ ಎಕ್ಸ್‌ಪೋಷರ್ ಅರ್ಧದಿಂದ ಒಂದು ಸ್ಟಾಪ್ ಹೆಚ್ಚಿಸಬೇಕು, ಕಪ್ಪು ಬಟ್ಟೆಗೆ ತಗ್ಗಿಸಬೇಕು. ಮೊಬೈಲಿನಲ್ಲಾದರೆ ಮುಖದ ಮೇಲೆ ಬೆರಳು ಒತ್ತಿ, ಪಕ್ಕದಲ್ಲಿ ಬರುವ ಸೂರ್ಯನ ಗುರುತನ್ನು ಮೇಲೆ ಕೆಳಗೆ ಎಳೆದರೆ ಆಯಿತು. ಹತ್ತರಲ್ಲಿ ಒಂಬತ್ತು ಜನ ಆ ಸೂರ್ಯನನ್ನು ನೋಡಿಯೂ ಮುಟ್ಟಿರುವುದಿಲ್ಲ.

ಇದು ಗೊತ್ತಿಲ್ಲದೆ ಊರಲ್ಲಿ ಒಂದು ಅನ್ಯಾಯ ನಡೆದುಕೊಂಡು ಬಂದಿದೆ. ಫೋಟೊ ಕಪ್ಪಾಗಿ ಬಂದರೆ ಬಣ್ಣದ ಮೇಲೆ ತಪ್ಪು ಹಾಕುತ್ತಾರೆ. "ಸ್ವಲ್ಪ ಬೆಳ್ಳಗೆ ಮಾಡಿಕೊಡಿ" ಅನ್ನುವುದು ಸ್ಟುಡಿಯೊಗಳಲ್ಲಿ ದಿನವೂ ಕೇಳಿಬರುವ ಮಾತು. ಮಾಡಿಕೊಡುತ್ತಾರೆ ಕೂಡ. ಮೌಸ್ ಎಳೆದು ಮುಖ ಬಿಳಿ ಮಾಡುತ್ತಾರೆ, ಸುಕ್ಕು ಒರೆಸುತ್ತಾರೆ, ಕುತ್ತಿಗೆ ಹಾಗೇ ಉಳಿಯುತ್ತದೆ. ಎಪ್ಪತ್ತೈದು ವರ್ಷ ಗದ್ದೆಯಲ್ಲಿ ದುಡಿದ ಮುಖ ಮೇಣದ ಗೊಂಬೆ ಆಗುತ್ತದೆ. ಕಪ್ಪು ಮೈಬಣ್ಣಕ್ಕೆ ಬೇಕಾಗಿದ್ದು ಪಕ್ಕದಿಂದ ಸಾಕಷ್ಟು ಬೆಳಕು, ಸರಿಯಾದ ಎಕ್ಸ್‌ಪೋಷರ್ ಅಷ್ಟೆ. ಜಗಲಿಯ ಬೆಳಕಿನಲ್ಲಿ ಕಪ್ಪು ಚರ್ಮ ಹೊಳೆಯುವಷ್ಟು ಚೆನ್ನಾಗಿ ಬಿಳಿ ಚರ್ಮ ಹೊಳೆಯುವುದಿಲ್ಲ. ಇದನ್ನು ಗಿರಾಕಿಗೆ ಒಮ್ಮೆ ತೆಗೆದು ತೋರಿಸಿದರೆ ಬೆಳ್ಳಗೆ ಮಾಡಿ ಅನ್ನುವುದನ್ನೇ ಬಿಡುತ್ತಾರೆ.

ಮೂಗು ಯಾಕೆ ದೊಡ್ಡದು ಬರುತ್ತೆ?

ಸೆಲ್ಫಿಯಲ್ಲಿ ಮೂಗು ದೊಡ್ಡದಾಗಿ, ಕಿವಿ ಹಿಂದಕ್ಕೆ ಹೋದ ಹಾಗೆ ಬರುವುದು ಎಲ್ಲರಿಗೂ ಗೊತ್ತು. ಮೊಬೈಲ್ ಕಂಪನಿ ಮೇಲೆ ಅನುಮಾನ ಪಡುತ್ತಾರೆ. ಇದಕ್ಕೆ ದೂರವೇ ಕಾರಣ. ಮೂಗಿನ ತುದಿಯಿಂದ ಕಿವಿಗೆ ಸುಮಾರು 12 ಸೆಂಟಿಮೀಟರ್ ಅಂತರ ಅಂದುಕೊಳ್ಳಿ. ಕ್ಯಾಮೆರಾ ಮೂಗಿನಿಂದ 30 ಸೆಂಟಿಮೀಟರ್‌ನಲ್ಲಿದ್ದರೆ ಕಿವಿ 42ರಲ್ಲಿರುತ್ತದೆ. ಕಿವಿಗೆ ಹೋಲಿಸಿದರೆ ಮೂಗು ಶೇ 40ರಷ್ಟು ಹಿಗ್ಗುತ್ತದೆ. ಅದೇ ಒಂದೂವರೆ ಮೀಟರ್ ಹಿಂದೆ ಹೋದರೆ ಮೂಗು 150, ಕಿವಿ 162. ವ್ಯತ್ಯಾಸ ಬರೀ ಶೇ 8. ಎದುರು ಕೂತು ಮಾತಾಡುವಾಗ ನಾವು ಒಬ್ಬರನ್ನೊಬ್ಬರು ನೋಡುವ ದೂರವೂ ಹೆಚ್ಚುಕಡಿಮೆ ಅಷ್ಟೇ, ಅದಕ್ಕೇ ಆ ಫೋಟೊ "ಅವರ ಹಾಗೇ ಇದೆ" ಅನಿಸುತ್ತದೆ.

ಅಂದರೆ ಹಿಂದಕ್ಕೆ ಹೋಗಿ ಜೂಮ್ ಮಾಡಬೇಕು. ಮೊಬೈಲಿನ ಮುಖ್ಯ ಕ್ಯಾಮೆರಾ ಅಗಲವಾಗಿ ನೋಡುವಂಥದ್ದು, ಅದರಲ್ಲಿ 2x ಒತ್ತಿ ನಾಲ್ಕೈದು ಅಡಿ ದೂರ ನಿಂತರೆ ಸಾಕು. ಕ್ಯಾಮೆರಾ ಇರುವವರು ಜೊತೆಗೆ ಬಂದ 18-55 ಲೆನ್ಸಿನ 18ರಲ್ಲೇ ಹತ್ತಿರ ಹೋಗುವುದನ್ನು ಬಿಟ್ಟು 55ಕ್ಕೆ ತಿರುಗಿಸಿಕೊಳ್ಳಬೇಕು. ಹೊಸಬರು ಮುಂದೆ ಕೊಳ್ಳುವುದು ಸಾಮಾನ್ಯವಾಗಿ 50 ಎಂಎಂ, ಎಫ್ 1.8 ಲೆನ್ಸ್. ಬೆಲೆ ಕಡಿಮೆ, ಕೆಲಸ ಚೆನ್ನಾಗಿ ಮಾಡುತ್ತದೆ.

ಆ ಲೆನ್ಸ್ ತಂದ ಮೊದಲ ತಿಂಗಳು ಎಲ್ಲರೂ ಇನ್ನೊಂದು ಗುಂಡಿಗೆ ಬೀಳುತ್ತಾರೆ. ಹಿನ್ನೆಲೆ ಮಸುಕಾಗುವುದು ನೋಡಿ ಮರುಳಾಗಿ ಎಲ್ಲವನ್ನೂ ಎಫ್ 1.8ರಲ್ಲೇ ತೆಗೆಯುತ್ತಾರೆ. ಸಾಮಾನ್ಯ ಎಪಿಎಸ್-ಸಿ ಕ್ಯಾಮೆರಾದಲ್ಲಿ ಒಂದು ಮೀಟರ್ ದೂರದಿಂದ ಎಫ್ 1.8ರಲ್ಲಿ ತೆಗೆದರೆ ಸ್ಪಷ್ಟವಾಗಿ ಬರುವ ಆಳ ಮೂರು ಸೆಂಟಿಮೀಟರ್‌ಗಿಂತಲೂ ಸ್ವಲ್ಪ ಕಡಿಮೆ. ಫೋಕಸ್ ಮೂಗಿನ ಮೇಲೆ ಕೂತರೆ ಕಣ್ಣು ಹೋಯಿತು. ಚಿಕ್ಕ ಸ್ಕ್ರೀನಿನಲ್ಲಿ ಚೆನ್ನಾಗೇ ಕಾಣುತ್ತದೆ, ಕಂಪ್ಯೂಟರಿಗೆ ಹಾಕಿದಾಗ ಎದೆ ಧಸಕ್ ಅನ್ನುತ್ತದೆ. ಎರಡು ಮೀಟರ್ ಹಿಂದೆ ಹೋಗಿ ಎಫ್ 4 ಇಟ್ಟರೆ ಆಳ ಸುಮಾರು 25 ಸೆಂಟಿಮೀಟರ್ ಸಿಗುತ್ತದೆ, ಮೂಗಿನಿಂದ ಕಿವಿಯವರೆಗೆ ಎಲ್ಲವೂ ಬಂತು. ಫೋಕಸ್ ಯಾವಾಗಲೂ ಹತ್ತಿರದ ಕಣ್ಣಿನ ಮೇಲೆ. ಮೊಬೈಲಿನ ಪೋರ್ಟ್ರೇಟ್ ಮೋಡ್ ಈ ಮಸುಕನ್ನು ಲೆಕ್ಕದಲ್ಲಿ ಹುಟ್ಟಿಸುವುದು. ಅದಕ್ಕೆ ಅಂಚು ಕತ್ತರಿಸುವುದು ಸರಿಯಾಗಿ ಬರುವುದಿಲ್ಲ, ಕನ್ನಡಕದ ಕಡ್ಡಿ, ಮುಡಿದ ಮಲ್ಲಿಗೆ, ಹಾರಾಡುವ ಬಿಳಿ ಕೂದಲನ್ನು ನುಂಗಿಬಿಡುತ್ತದೆ. ಗೋಡೆಗೆ ಹಾಕುವ ಫೋಟೊ ಸಾದಾ ಮೋಡಿನಲ್ಲಿ ತೆಗೆಯುವುದೇ ಕ್ಷೇಮ. ಬ್ಯೂಟಿ ಫಿಲ್ಟರ್ ಮೊದಲೇ ಆನ್ ಆಗಿರುತ್ತದೆ, ಅದನ್ನೂ ನೋಡಿಕೊಳ್ಳಿ.

ಮೊದಲ ಫೋಟೊವನ್ನೇ ಕೈಯಾರೆ ಅಳಿಸಿದಾಕೆ

ತಪ್ಪು ಮಾಡಿ ಕಲಿತವರಲ್ಲಿ ದೊಡ್ಡ ಹೆಸರು ಜೂಲಿಯಾ ಮಾರ್ಗರೆಟ್ ಕ್ಯಾಮರೂನ್ ಅವರದ್ದು. ಹುಟ್ಟಿದ್ದು ಕೋಲ್ಕತ್ತದಲ್ಲಿ, 1815ರಲ್ಲಿ. ಇಂಗ್ಲೆಂಡಿನ ವೈಟ್ ದ್ವೀಪದಲ್ಲಿ ವಾಸವಾಗಿದ್ದಾಗ 1863ರ ಕೊನೆಯಲ್ಲಿ ಮಗಳು ಅಳಿಯ ಒಂದು ಕ್ಯಾಮೆರಾ ಉಡುಗೊರೆ ಕೊಟ್ಟರು. ಆಗ ಆಕೆಗೆ 48 ವರ್ಷ, ಫೋಟೊಗ್ರಫಿಯ ಗಂಧಗಾಳಿ ಇಲ್ಲ. ಕೋಳಿಗೂಡನ್ನು ಖಾಲಿ ಮಾಡಿಸಿ ಗಾಜಿನ ಸ್ಟುಡಿಯೊ ಮಾಡಿಕೊಂಡರು, ಇದ್ದಿಲು ಇಡುವ ಕೋಣೆ ಡಾರ್ಕ್ ರೂಮ್ ಆಯಿತು. ಆಗ ಫೋಟೊ ಮೂಡುತ್ತಿದ್ದುದು ರಾಸಾಯನಿಕ ಬಳಿದ ಗಾಜಿನ ಮೇಲೆ. ಊರಿನ ಒಬ್ಬ ರೈತನನ್ನು ಕೂರಿಸಿ ತೆಗೆದ ಮೊದಲ ಚಿತ್ರವನ್ನು ಗಾಜಿನ ಹಸಿ ಬದಿಗೆ ಕೈ ತಾಗಿಸಿ ತಾವೇ ಅಳಿಸಿಬಿಟ್ಟರು. 1864ರ ಜನವರಿಯಲ್ಲಿ ಆನಿ ಎಂಬ ಪುಟ್ಟ ಹುಡುಗಿಯ ಚಿತ್ರ ಬಂದಾಗ ಅದನ್ನೇ ತಮ್ಮ ಮೊದಲ ಯಶಸ್ಸು ಅಂದರು.

ಆಕೆಯ ಫೋಕಸ್ ಸರಿಯಿಲ್ಲ ಅಂತ ಆ ಕಾಲದ ಫೋಟೊಗ್ರಾಫರುಗಳು ಬಹಳ ಆಡಿಕೊಂಡರು. ಮುಖ ಚೆಂದ ಕಂಡ ಜಾಗದಲ್ಲಿ ಲೆನ್ಸ್ ತಿರುಗಿಸುವುದನ್ನು ನಿಲ್ಲಿಸುತ್ತೇನೆ ಅನ್ನುವುದು ಆಕೆಯ ವಾದ. ಕವಿ ಟೆನಿಸನ್, ಖಗೋಳ ವಿಜ್ಞಾನಿ ಜಾನ್ ಹರ್ಷೆಲ್, ಚಾರ್ಲ್ಸ್ ಡಾರ್ವಿನ್ ಎಲ್ಲರೂ ಆಕೆಯ ಮುಂದೆ ಕೂತರು. ಕೊನೆಗಾಲದಲ್ಲಿ ಕಾಫಿ ತೋಟ ಇದ್ದ ಸಿಲೋನಿಗೆ ಹೋದರು, 1879ರಲ್ಲಿ ಅಲ್ಲೇ ತೀರಿಕೊಂಡರು. ಆಕೆಯನ್ನು ನೋಡಿ ಫೋಕಸ್ ಬೇಡ ಅಂದುಕೊಳ್ಳಬಾರದು. ಆಕೆ ನೋಡಿಕೊಂಡೇ ಬಿಟ್ಟಿದ್ದು, ನಮಗೆ ಕೈ ತಪ್ಪಿ ಹೋಗಿದ್ದು, ಎರಡೂ ಒಂದೇ ಅಲ್ಲ.

ಕನ್ನಡದವರಲ್ಲಿ ಹೇಳುವುದಾದರೆ ಮೈಸೂರಿನ ಟಿ.ಎಸ್. ಸತ್ಯನ್ (1923-2009). 1977ರಲ್ಲಿ ಪದ್ಮಶ್ರೀ ಬಂತು. ಪತ್ರಿಕೆಗಳಿಗೆ, ಯುನಿಸೆಫ್‌ಗೆ ಕೆಲಸ ಮಾಡಿದ ಅವರ ಚಿತ್ರಗಳಲ್ಲಿ ಹೆಚ್ಚಿನವು ಸಾಮಾನ್ಯ ಜನರದ್ದು, ಮಕ್ಕಳದ್ದು. ಅವುಗಳಲ್ಲಿ ಯಾರೂ ಕ್ಯಾಮೆರಾಕ್ಕೆ ಹೆದರಿ ಸೆಟೆದು ನಿಂತಿಲ್ಲ. ಎ.ಎನ್. ಮುಕುಲ್ ಕನ್ನಡ ಲೇಖಕರ ಮುಖಗಳನ್ನೇ ಹಿಡಿದು 'ಮುಖಮುದ್ರೆ' ಎಂಬ ಪುಸ್ತಕ ತಂದರು. ಮುಖ ಕಲಿಯಬೇಕು ಅನ್ನುವವರು ಇಂಥ ಚಿತ್ರಗಳ ಮುಂದೆ ಅರ್ಧ ಗಂಟೆ ಕೂತು ಬೆಳಕು ಎಲ್ಲಿಂದ ಬಂದಿದೆ ಅಂತ ಹುಡುಕಿದರೆ ಹತ್ತು ವಿಡಿಯೊ ನೋಡಿದ್ದಕ್ಕಿಂತ ಹೆಚ್ಚು ಸಿಗುತ್ತದೆ. ಕಣ್ಣಪಾಪೆಯಲ್ಲಿ ಕಾಣುವ ಬಿಳಿ ಚುಕ್ಕೆಯೇ ಅದನ್ನು ಹೇಳುತ್ತದೆ.

ಇನ್ನೊಂದು ಉದಾಹರಣೆ ಸಾಗರದ ಪಕ್ಕದಲ್ಲೇ ಇದೆ. ಇಕ್ಕೇರಿಯ ಅಘೋರೇಶ್ವರ ದೇವಸ್ಥಾನದ ನೆಲಗಲ್ಲಿನಲ್ಲಿ ಅಡ್ಡಬಿದ್ದು ನಮಸ್ಕರಿಸುವ ಮೂವರು ಕೆಳದಿ ಅರಸರ ಆಕೃತಿಗಳಿವೆ, ಹೆಸರೂ ಕೆತ್ತಿದೆ. ಅದರಲ್ಲಿ ಹುಚ್ಚ ಸೋಮಶೇಖರ ಎಂದು ಕರೆಸಿಕೊಂಡವನ ಕೈಕಾಲಿಗೆ ಬೇಡಿ ಇರುವಂತೆ ತೋರಿಸಿದ್ದಾರೆ ಎಂದು ಹಳೆಯ ಗೆಜೆಟಿಯರ್ ದಾಖಲಿಸಿದೆ. ಅರಸನನ್ನೂ ಇದ್ದ ಹಾಗೇ ಕೆತ್ತಿದ ಶಿಲ್ಪಿ ಬೆಳ್ಳಗೆ ಮಾಡಿಕೊಡಲಿಲ್ಲ ನೋಡಿ.

"ನಗಿ" ಅಂದರೆ ನಗು ಬರಲ್ಲ

ಬೆಳಕು, ಲೆನ್ಸ್ ಎರಡೂ ಸರಿಯಾದ ಮೇಲೂ ಫೋಟೊ ಕೆಡುವುದು ಕೂತವರು ಬಿಗಿಯಾದಾಗ. ಹಳೇ ಸ್ಟುಡಿಯೊ ಅಭ್ಯಾಸ ಇರುವ ಹಿರಿಯರು ಕ್ಯಾಮೆರಾ ಕಂಡ ತಕ್ಷಣ ಕೈ ತೊಡೆ ಮೇಲಿಟ್ಟು, ಉಸಿರು ಹಿಡಿದು, ದಿಟ್ಟಿಸಿ ನೋಡುತ್ತಾರೆ. ಅವರ ತಪ್ಪಲ್ಲ. ಅವರ ಕಾಲದಲ್ಲಿ ರೀಲಿನಲ್ಲಿ ಇರುತ್ತಿದ್ದುದು 36 ಫೋಟೊ, ಅಲ್ಲಾಡಿದರೆ ಒಂದು ಹಾಳು, ತೊಳೆದು ಬರುವವರೆಗೆ ಗೊತ್ತೂ ಆಗುತ್ತಿರಲಿಲ್ಲ. "ಅಲ್ಲಾಡ್ಬೇಡಿ" ಅಂತ ಬೈಸಿಕೊಂಡೇ ಬೆಳೆದವರು. ಈಗ ಮೊಮ್ಮಗ "ಅಜ್ಜಿ, ನಗಿ, ನಗಿ" ಅಂದರೆ ತುಟಿ ಎಳೆಯುತ್ತಾರೆ, ಕಣ್ಣು ನಗುವುದಿಲ್ಲ.

ಅನುಭವಸ್ಥರು ಮಾಡುವುದು ಇಷ್ಟೆ. ಕ್ಯಾಮೆರಾ ಕೆಳಗಿಟ್ಟುಕೊಂಡು ಮೊದಲು ಮಾತಾಡಿಸುತ್ತಾರೆ. ಈ ಸಲ ಕೊಳೆರೋಗ ಎಷ್ಟಾಯ್ತು, ಅಪ್ಪೆಮಿಡಿ ಉಪ್ಪಿನಕಾಯಿ ಎಷ್ಟು ಭರಣಿ ಹಾಕಿದ್ರಿ, ಗಂಡನ ಮನೆಗೆ ಬಂದಾಗ ಈ ಮನೆ ಹೆಂಗಿತ್ತು. ಅಜ್ಜಿಯ ಕೈ ತೊಡೆಯಿಂದ ಏಳುತ್ತದೆ, ಹುಬ್ಬು ಆಡುತ್ತದೆ. ಮಾತು ಮುಗಿಸಿ ಬಾಯಿ ಮುಚ್ಚಿದ ಮರುಗಳಿಗೆ ಒಂದು ಮುಖ ಬರುತ್ತದೆ, ಅದು ಮನೆಯವರಿಗೆ ಗೊತ್ತಿರುವ ಮುಖ. ಅಷ್ಟರಲ್ಲಿ ಶಟರ್ ಒತ್ತಿರಬೇಕು. ಕ್ಯಾಮೆರಾ ಅವರ ಕಣ್ಣಿನ ಮಟ್ಟದಲ್ಲಿರಲಿ. ನಿಂತು ಮೇಲಿನಿಂದ ತೆಗೆದರೆ ಅವರು ತಲೆ ಎತ್ತಿ ನೋಡುವ ಹಾಗಾಗಿ ಕುಗ್ಗಿದಂತೆ ಕಾಣುತ್ತಾರೆ. ನೀವೂ ಮಣೆ ಹಾಕಿಕೊಂಡು ಕೂತುಕೊಳ್ಳಿ.

ಯಾವ ಸೀರೆ ಅನ್ನುವುದನ್ನು ಅವರಿಗೇ ಬಿಡಿ. ಕನ್ನಡಕ ಹಾಕುವವರಾದರೆ ಹಾಕಿಕೊಂಡೇ ಇರಲಿ, ಮನೆಯವರಿಗೆ ಗೊತ್ತಿರುವುದು ಆ ಮುಖ. ಗಾಜಿನಲ್ಲಿ ಅಂಗಳ ಹೊಳೆದರೆ ಗಲ್ಲ ಸ್ವಲ್ಪ ತಗ್ಗಿಸಲು ಹೇಳಿದರೆ ಹೋಗುತ್ತದೆ. ಅರ್ಜಿಗೆ ಬೇಕಾದ ಫೋಟೊ ಬೇರೆ ಲೆಕ್ಕ: 35x45 ಮಿಲಿಮೀಟರ್, ತಿಳಿ ಹಿನ್ನೆಲೆ, ಎರಡೂ ಕಿವಿ, ನೆರಳಿಲ್ಲದ ಬೆಳಕು. ಅದು ಗುರುತಿಗೆ ಮಾತ್ರ. ಅದನ್ನೇ ಹಿಗ್ಗಿಸಿ ಗೋಡೆಗೆ ಹಾಕಿದರೆ ಯಾರೋ ಸರ್ಕಾರಿ ನೌಕರರು ಮನೆಯಲ್ಲಿ ಕೂತ ಹಾಗಿರುತ್ತದೆ.

ಕೆಟ್ಟ ಫೋಟೊ ಡಿಲೀಟ್ ಮಾಡ್ಬೇಡಿ

ಕಲಿಯುವವರು ಮಾಡುವ ದೊಡ್ಡ ತಪ್ಪು ತಪ್ಪನ್ನು ಅಳಿಸಿಹಾಕುವುದು. ರೀಲಿನ ಕಾಲದಲ್ಲಿ ಕೆಟ್ಟ ನೆಗೆಟಿವ್ ಕೈಯಲ್ಲೇ ಉಳಿಯುತ್ತಿತ್ತು, ನೋಡಿ ನೋಡಿ ಬುದ್ಧಿ ಬರುತ್ತಿತ್ತು. ಈಗ ಕೆಟ್ಟಿದ್ದು ಕಣ್ಣೆದುರಿಗೇ ಮಾಯ. ಕೆಟ್ಟ ಫೋಟೊಗಳನ್ನು ಒಂದು ಫೋಲ್ಡರಿನಲ್ಲಿ ಇಡಿ. ಪ್ರತಿ ಫೋಟೊದ ಒಳಗೇ ತೆಗೆದ ಹೊತ್ತು, ಶಟರ್ ವೇಗ, ಅಪರ್ಚರ್, ಐಎಸ್‌ಒ, ಲೆನ್ಸಿನ ಅಳತೆ ಬರೆದಿರುತ್ತದೆ. ಮೊಬೈಲಿನಲ್ಲೂ ವಿವರ ಒತ್ತಿದರೆ ಸಿಗುತ್ತದೆ. ಇಪ್ಪತ್ತು ಕೆಟ್ಟ ಫೋಟೊ ಸಾಲಾಗಿ ನೋಡಿದರೆ ನಿಮ್ಮ ತಪ್ಪು ಇಪ್ಪತ್ತು ಇರುವುದಿಲ್ಲ, ಎರಡೋ ಮೂರೋ ಇರುತ್ತವೆ. ಎಲ್ಲಾ ಹನ್ನೊಂದರಿಂದ ಎರಡು ಗಂಟೆ ಒಳಗೆ ತೆಗೆದದ್ದು, ಅಥವಾ ಎಲ್ಲಾ 1/30 ಶಟರಿನಲ್ಲಿ ಕೈ ನಡುಗಿದ್ದು. ಕೂತ ಮನುಷ್ಯನಿಗೆ 1/125ಕ್ಕಿಂತ ಕೆಳಗೆ ಇಳಿಯದಿದ್ದರೆ ಒಳ್ಳೆಯದು. ಬೆಳಕು ಸಾಲದಿದ್ದರೆ ಐಎಸ್‌ಒ ಏರಿಸಿ. ಸ್ವಲ್ಪ ಕಾಳುಕಾಳಾದರೆ ತಡೆದುಕೊಳ್ಳಬಹುದು, ಅಲುಗಿದ ಮುಖವನ್ನು ಸರಿ ಮಾಡಲು ಬರುವುದಿಲ್ಲ.

ಕ್ಯಾಮೆರಾ ಇದ್ದವರಿಗೆ ಮಳೆಗಾಲದ ಮಾತು ಒಂದು. ಹೊಸನಗರ, ತೀರ್ಥಹಳ್ಳಿ ಕಡೆಯ ಥಂಡಿಗೆ ಲೆನ್ಸಿನ ಒಳಗೆ ಜೇಡರ ಬಲೆಯ ಹಾಗೆ ಫಂಗಸ್ ಹಬ್ಬುತ್ತದೆ, ಹಬ್ಬಿದರೆ ಮುಖ ಹೊಗೆ ಹಿಡಿದ ಹಾಗೆ ಬರುತ್ತದೆ. ಚರ್ಮದ ಚೀಲದಲ್ಲಿ, ಗೋಡೆ ಕಪಾಟಿನಲ್ಲಿ ಇಡಬೇಡಿ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ, ತೇವ ಶೇ 40ರಿಂದ 50ರ ಒಳಗಿರುವಂತೆ ಇಡಿ. ಅಕ್ಕಿ ಹಾಕಿಡುವವರಿದ್ದಾರೆ, ಅದರ ಹುಡಿ ಲೆನ್ಸಿನ ಸಂದಿಗೆ ಹೋಗುತ್ತದೆ.

ಚೆನ್ನಾಗಿ ಬಂದ ಫೋಟೊವನ್ನೂ ಕೊನೆಯ ಗಳಿಗೆಯಲ್ಲಿ ಹಾಳು ಮಾಡುವುದು ವಾಟ್ಸ್‌ಆ್ಯಪ್. ಸಾಮಾನ್ಯವಾಗಿ ಕಳಿಸಿದರೆ ಉದ್ದದ ಬದಿ ಸುಮಾರು 1600 ಚುಕ್ಕೆಗೆ ಇಳಿಯುತ್ತದೆ. ಇಂಚಿಗೆ 300ರ ಲೆಕ್ಕದಲ್ಲಿ ಐದೂಕಾಲು ಇಂಚಿನ ಪ್ರಿಂಟಿಗೆ ಮಾತ್ರ ಸಾಕು. ಸ್ಟುಡಿಯೊಗೆ ಕಳಿಸುವಾಗ ಫೋಟೊ ಅಂತ ಕಳಿಸದೆ ಡಾಕ್ಯುಮೆಂಟ್ ಅಂತ ಕಳಿಸಿ, ಇಲ್ಲವೇ ಪೆನ್‌ಡ್ರೈವಿನಲ್ಲಿ ಕೊಡಿ.

ಸ್ಟುಡಿಯೊ ನಡೆಸುವವರಿಗೂ ಇದರಲ್ಲಿ ಕೆಲಸ ಇದೆ. ಪಾಸ್‌ಪೋರ್ಟ್ ಸೈಜ್ ವ್ಯಾಪಾರ ಮೊಬೈಲಿನಿಂದ ಕಡಿಮೆಯಾಗಿದೆ ಅನ್ನುವ ದೂರು ಎಲ್ಲಾ ಪೇಟೆಯಲ್ಲೂ ಇದೆ. ಹಬ್ಬಕ್ಕೆ ಮಕ್ಕಳೆಲ್ಲ ಬೆಂಗಳೂರಿನಿಂದ ಊರಿಗೆ ಬಂದಿರುವಾಗ ಮನೆಗೇ ಹೋಗಿ, ಜಗಲಿಯಲ್ಲಿ ಅಜ್ಜ ಅಜ್ಜಿಯ ಎರಡು ಫೋಟೊ ತೆಗೆದು ಪ್ರಿಂಟ್ ಹಾಕಿ ಕೊಡುತ್ತೇವೆ ಅಂದರೆ ಬೇಡ ಅನ್ನುವವರು ಕಡಿಮೆ. ಗೋಡೆಗೆ ಒಂದು ದೊಡ್ಡದು, ಅಜ್ಜಿಯ ಕೈಗೆ ಒಂದು ಚಿಕ್ಕದು. ಚಿಕ್ಕದನ್ನು ಅವರು ದೇವರ ಕೋಣೆಯ ಪುಸ್ತಕದೊಳಗೆ ಇಟ್ಟುಕೊಂಡು, ಬಂದವರಿಗೆಲ್ಲ ತೆಗೆದು ತೋರಿಸುತ್ತಾರೆ.